ಮರವಂತೆಯಿಂದ ಜೋಗದವರೆಗೆ: ಮೋಡದ ಫೋಟೋಗೆ ಹೊರಡುವವರಿಗೆ

ಮಳೆಗಾಲದ ಫೋಟೋ ಅಂದ ಕೂಡಲೇ ಎಲ್ಲರೂ ಜುಲೈನಲ್ಲಿ ರಜೆ ಹಾಕುತ್ತಾರೆ. ಕಾಡು, ಹೊಳೆ, ಮಂಜು ಬೇಕಿದ್ದರೆ ಸರಿ. ಆಕಾಶವೇ ಬೇಕು ಅನ್ನುವವರು ಪುನರ್ವಸು, ಪುಷ್ಯ ಮಳೆಯಲ್ಲಿ ಹೋಗಬೇಡಿ. ದಿನವಿಡೀ ಒಂದೇ ಬೂದು ಬಣ್ಣ, ಮೋಡಕ್ಕೆ ಆಕಾರವೇ ಇರುವುದಿಲ್ಲ. ಬಿಸಿಲು, ಮೋಡ ಎರಡೂ ಜೊತೆಗೆ ಸಿಗುವುದು ಮುಂಗಾರಿಗೆ ಸ್ವಲ್ಪ ಮುಂಚೆ, ಇಲ್ಲವೇ ಸೆಪ್ಟೆಂಬರಿನಲ್ಲಿ. ಹಾಗಾಗಿ ನಾವು ಮೇ ಕೊನೆಯಲ್ಲಿ ಮರವಂತೆ, ಆಗುಂಬೆ ನೋಡಿಕೊಂಡು ಬಂದು, ಜೋಗವನ್ನು ಸೆಪ್ಟೆಂಬರಿಗೆ ಇಟ್ಟುಕೊಂಡೆವು.

ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ಹೊಳೆ. ಸಂಜೆ ಎಲ್ಲರೂ ಕಡಲಿಗೆ ಮುಖ ಮಾಡಿ ನಿಲ್ಲುತ್ತಾರೆ. ನನ್ನ ಕೇಳಿದರೆ, ತಿರುಗಿ ನಿಲ್ಲಿ. ಮೇ ತಿಂಗಳ ಗುಡುಗು ಮೋಡ ಹೆಚ್ಚಾಗಿ ಕಟ್ಟುವುದು ಘಟ್ಟದ ಮೇಲೆ, ಮಧ್ಯಾಹ್ನದ ನಂತರ. ಸಂಜೆ ಕಡಲಿನ ಕಡೆಯಿಂದ ಬರುವ ಓರೆ ಬಿಸಿಲು ಆ ಕಪ್ಪು ಮೋಡದ ಮೇಲೆ, ಹೊಳೆಯಾಚೆಯ ತೆಂಗಿನ ತೋಟದ ಮೇಲೆ ನೇರ ಬೀಳುತ್ತದೆ. ಹಿಂದೆ ಕೊಡಚಾದ್ರಿ ಸಾಲು. ಕಾಮನಬಿಲ್ಲು ಬಂದರೂ ಈ ಕಡೆಯೇ ಬರಬೇಕು, ಅದು ಯಾವಾಗಲೂ ಸೂರ್ಯನ ಎದುರು ದಿಕ್ಕಿನಲ್ಲಿ ಮೂಡುವಂಥದ್ದು ಅಲ್ವಾ? ಮೊಬೈಲಿನಲ್ಲಿ ತೆಗೆಯುವವರು ಮೋಡದ ಬೆಳ್ಳಗಿನ ಭಾಗಕ್ಕೆ ಬೆರಳು ಒತ್ತಿ, ಬೆಳಕನ್ನು ಸ್ವಲ್ಪ ಇಳಿಸಿ. ಇಲ್ಲದಿದ್ದರೆ ಕಪ್ಪು ಮೋಡವೂ ಸುಣ್ಣ ಬಳಿದ ಗೋಡೆಯ ಹಾಗೆ ಬರುತ್ತದೆ.

ಮಿಂಚಿನ ಫೋಟೋ ಆಸೆ ಇದ್ದರೆ ಟ್ರೈಪಾಡ್, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಲೆನ್ಸಿನ ಕಿಂಡಿ ಎಫ್/8, ಕತ್ತಲಾದ ಮೇಲೆ 10ರಿಂದ 20 ಸೆಕೆಂಡ್ ತೆರೆದಿರುವ ಶಟರ್. ಒಂದರ ಹಿಂದೆ ಒಂದು ತೆಗೆಯುತ್ತಾ ಇರುವುದು, ಅಷ್ಟೇ. ಆದರೆ ಮಿಂಚಿ 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು 10 ಕಿಲೋಮೀಟರ್ ಒಳಗೇ ಇದೆ ಅಂತ ಲೆಕ್ಕ. ಬಯಲಲ್ಲಿ ಲೋಹದ ಟ್ರೈಪಾಡ್ ಪಕ್ಕ ನಿಲ್ಲುವ ಶೌರ್ಯ ಬೇಡ. ಕಾರಿನೊಳಗೆ ಕೂತು ಗಾಜಿನ ಹಿಂದಿನಿಂದ ತೆಗೆಯಿರಿ. ಪುಣೆಯ ಹವಾಮಾನ ಸಂಸ್ಥೆಯವರ ದಾಮಿನಿ ಆ್ಯಪ್ ಹಾಕಿಕೊಂಡರೆ ಹತ್ತಿರದ ಸಿಡಿಲಿನ ಎಚ್ಚರಿಕೆ ಸಿಗುತ್ತದೆ. ಕಡಲ ಬದಿಯ ಬಂಡೆಗಳ ಮೇಲಂತೂ ಹತ್ತಲೇಬೇಡಿ, ಜಾರುತ್ತವೆ.

ಹೆಬ್ರಿ, ಸೋಮೇಶ್ವರ ಮೇಲೆ ಆಗುಂಬೆ ಘಾಟಿ ಹತ್ತಿದರೆ 14 ತಿರುವು. ಮಳೆಗಾಲದಲ್ಲಿ ಗುಡ್ಡ ಕುಸಿದು ಓಡಾಟ ನಿಲ್ಲಿಸುವುದುಂಟು, ಹೊರಡುವ ಮುಂಚೆ ವಿಚಾರಿಸಿ. ಮೇಲಿನ ಸೂರ್ಯಾಸ್ತದ ಕಟ್ಟೆಯಲ್ಲಿ ಈ ಕಾಲದಲ್ಲಿ ಸೂರ್ಯ ಸಿಗುವುದು ಅದೃಷ್ಟ. ನಾನಾದರೆ ಅದನ್ನು ಬಿಟ್ಟು ಬೆಳಿಗ್ಗೆ ಕುಂದಾದ್ರಿಗೆ ಹೋಗಿ ಅನ್ನುತ್ತೇನೆ. ಹಿಂದಿನ ರಾತ್ರಿ ಮಳೆಯಾಗಿ ಬೆಳಿಗ್ಗೆ ಹೊಳವಾದರೆ ಕಣಿವೆಯಲ್ಲಿ ಮಂಜು ನಿಂತಿರುತ್ತದೆ, ನೀವು ಅದರ ಮೇಲಿರುತ್ತೀರಿ. ತುದಿಯಲ್ಲಿ ಪಾರ್ಶ್ವನಾಥನ ಬಸದಿ ಇದೆ. ಬೆಳಿಗ್ಗೆ ಎಷ್ಟು ಹೊತ್ತಿಗೆ ಮೇಲೆ ಬಿಡುತ್ತಾರೆ ಅಂತ ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ. ಮಂಜಿನಲ್ಲಿ ಕ್ಯಾಮೆರಾ ಮೋಸ ಹೋಗಿ ಫೋಟೋ ಮಂಕು ಮಾಡುತ್ತದೆ. ಇಲ್ಲಿ ಮಾತ್ರ ಬೆಳಕನ್ನು ಒಂದು ಸ್ಟಾಪ್, ಅಂದರೆ ಎರಡು ಪಟ್ಟು, ಏರಿಸಬೇಕು.

ಏಸಿ ರೂಮಿನಿಂದ ಕ್ಯಾಮೆರಾ ಹೊರತಂದ ಕೂಡಲೇ ಲೆನ್ಸ್ ಬೆವರುತ್ತದೆ. ಬ್ಯಾಗಿನಲ್ಲೇ ಅರ್ಧ ಗಂಟೆ ಬಿಡಿ, ಅಥವಾ ಏಸಿ ಇಲ್ಲದ ಹೋಂಸ್ಟೇ ಹಿಡಿಯಿರಿ, ದುಡ್ಡೂ ಉಳಿಯುತ್ತದೆ. ಊರಿಗೆ ಬಂದ ಮೇಲೆ ಸಿಲಿಕಾ ಜೆಲ್ ಜೊತೆ ಮುಚ್ಚಿಡಿ, ಬೂಸ್ಟು ಹಿಡಿದರೆ ಲೆನ್ಸ್ ರಿಪೇರಿ ದುಬಾರಿ. ಇಂಬಳಕ್ಕೆ ಉಪ್ಪು ಸಾಕು.

ಜೋಗದಲ್ಲಿ ಬೇಕಾದ್ದು ತಾಳ್ಮೆ. 253 ಮೀಟರ್ ಎತ್ತರದ ಜಲಪಾತ ಮಂಜಿನಲ್ಲಿ ಒಮ್ಮೆಲೇ ಮಾಯವಾಗಿ, ರಾಜನ ಒಂದು ತುಂಡು, ರಾಣಿಯ ಒಂದು ತುಂಡು ಅಂತ ಕಾಣಿಸಿಕೊಳ್ಳುತ್ತದೆ. ವೈಡ್ ಲೆನ್ಸಿಗಿಂತ ದೂರದ್ದನ್ನು ಹತ್ತಿರ ತರುವ 70-200 ಎಂಎಂ ಜೂಮ್ ಲೆನ್ಸ್ ಹೆಚ್ಚು ಉಪಯೋಗ. ಚೌಕಟ್ಟು ಮೊದಲೇ ಹೊಂದಿಸಿ ಕಾಯಿರಿ, ಮಂಜು ಸರಿದ ಮೇಲೆ ಲೆನ್ಸ್ ಹುಡುಕಲು ಹೊತ್ತಿರುವುದಿಲ್ಲ. ಲಿಂಗನಮಕ್ಕಿಯಿಂದ ನೀರು ಬಿಟ್ಟ ಸುದ್ದಿ ಬಂದರೆ ಜನವೂ ಜಾಸ್ತಿ. ವಾರದ ನಡುವೆ ಹೋಗಿ, ಶನಿವಾರ ಭಾನುವಾರ ಟ್ರೈಪಾಡ್ ಊರಲು ಜಾಗವೇ ಸಿಗುವುದಿಲ್ಲ.