ಮನೆಯಲ್ಲಿ ಪಾಲಿಶ್ ಆದ ಟ್ಯಾಪೆಟ್ ಕವರ್, ನಿಂತುಹೋದ ಡೆಲಿವರಿ

ಗಿರಾಕಿಯೊಬ್ಬರು ತಮ್ಮ ಹಳೆಯ ಪೆಟ್ರೋಲ್ ಕಾರಿನ ಟ್ಯಾಪೆಟ್ ಕವರ್ (ಎಂಜಿನ್ ತಲೆಯ ಮೇಲಿನ ಮುಚ್ಚಳ) ಮತ್ತು ಇನ್‌ಟೇಕ್ ಮ್ಯಾನಿಫೋಲ್ಡನ್ನು (ಸಿಲಿಂಡರಿಗೆ ಗಾಳಿ ಒಯ್ಯುವ ಕೊಳವೆ) ಮನೆಯಲ್ಲೇ ಪಾಲಿಶ್ ಮಾಡಿ ತಂದಿದ್ದರು. ಗಾಡಿ ವರ್ಕ್‌ಶಾಪಿನಲ್ಲಿ ನಮ್ಮ ಬೇನಲ್ಲಿ, ಅಂದರೆ ನಾವು ರಿಪೇರಿ ಮಾಡುವ ಜಾಗದಲ್ಲಿ, ನಿಂತಿತ್ತು. ಟೈಮಿಂಗ್ ಬೆಲ್ಟ್, ವಾಟರ್ ಪಂಪ್ ಎರಡೂ ಆಗಿತ್ತು. ಇನ್ನು ಕವರ್ ಕೂರಿಸಿ, ಮ್ಯಾನಿಫೋಲ್ಡ್ ಕಟ್ಟಿ, ಆಯಿಲ್ ತುಂಬಿ ಸ್ಟಾರ್ಟ್ ಮಾಡುವುದಷ್ಟೇ ಬಾಕಿ. ಜಾಬ್ ಕಾರ್ಡಿನಲ್ಲಿ ಡೆಲಿವರಿ ಸಂಜೆ 5ಕ್ಕೆ ಅಂತ ಇತ್ತು.

"ಮನೆಯಲ್ಲೇ ಮಾಡಿದೆ" ಅಂದಾಗ ನನಗೆ ಅಷ್ಟೇನೂ ಭರವಸೆ ಬರಲಿಲ್ಲ. ಮನೆಯಲ್ಲಿ ಮಾಡುವವರು ಸಾಮಾನ್ಯವಾಗಿ ಬಯಲು ಜಾಗ ಮಾತ್ರ ಹೊಳೆಸಿ ಮೂಲೆಗಳನ್ನು ಹಾಗೇ ಬಿಟ್ಟಿರುತ್ತಾರೆ. ಇಲ್ಲವೇ ಟಾಯ್ಲೆಟ್ ಕ್ಲೀನರ್ ಸುರಿದಿರುತ್ತಾರೆ. ಅದರಲ್ಲಿ ಆಸಿಡ್ ಇರುತ್ತದೆ, ಅಲ್ಯೂಮಿನಿಯಂ ನೊರೆ ಬಂದು ತಿಂದುಹೋಗಿ ಮಚ್ಚೆ ಮಚ್ಚೆ ಆಗುತ್ತದೆ. ಇದು ಹಾಗಿರಲಿಲ್ಲ. ಕವರನ್ನು ಟ್ಯೂಬ್‌ಲೈಟ್ ಕೆಳಗೆ ಹಿಡಿದೆ. ಟ್ಯೂಬಿನ ಪ್ರತಿಬಿಂಬ ಈ ತುದಿಯಿಂದ ಆ ತುದಿಗೆ ನೇರವಾಗಿ ಬಿತ್ತು, ಎಲ್ಲೂ ಅಲುಗಲಿಲ್ಲ. ಉಬ್ಬಿದ ಅಕ್ಷರಗಳ ಸುತ್ತ, ಪ್ಲಗ್ ಇಳಿಯುವ ತೂತಿನ ಅಂಚಿನಲ್ಲಿ, ಬೋಲ್ಟ್ ಕೂರುವ ತಗ್ಗಿನಲ್ಲಿ ಕೂಡ ಗೀರಿಲ್ಲ. ನಾವು ಹೊರಗೆ ಕೊಡುವ ಬಫಿಂಗ್ (ಬಟ್ಟೆ ಚಕ್ರದಲ್ಲಿ ಹೊಳಪು ಕೊಡುವ) ಅಂಗಡಿಯವರು ಇಷ್ಟು ತಾಳ್ಮೆಯಿಂದ ಮಾಡುವುದಿಲ್ಲ. ಅವರಿಗೆ ಪೀಸ್ ಲೆಕ್ಕದಲ್ಲಿ ದುಡ್ಡು.

ಹೇಗೆ ಮಾಡಿದಿರಿ ಸಾರ್ ಅಂತ ಕೇಳಿದೆ. ಸಂಕೋಚದಿಂದಲೇ ಹೇಳಿದರು. ಹಳೇ ಪೇಂಟ್ ತೆಗೆಯಲು ಒಂದು ಬ್ಲಾಸ್ಟಿಂಗ್ ಶೆಡ್ಡಿಗೆ ಕೊಟ್ಟು ಗ್ಲಾಸ್ ಬೀಡ್, ಅಂದರೆ ಸಣ್ಣ ಗಾಜಿನ ಮಣಿಗಳನ್ನು ಗಾಳಿಯ ಒತ್ತಡದಲ್ಲಿ, ಹೊಡೆಸಿದ್ದಾರೆ. ಆಮೇಲೆ ಎರಕದ ಗೆರೆಗಳನ್ನು ಅರದಿಂದ ಉಜ್ಜಿ, ಸೋಪಿನ ನೀರು ಹಾಕಿಕೊಂಡು ವಾಟರ್ ಪೇಪರ್ ಹಿಡಿದಿದ್ದಾರೆ. ಒರಟು 220 ನಂಬರ್ ಪೇಪರಿನಿಂದ ಶುರು, ಆಮೇಲೆ ನಯವಾಗುತ್ತಾ 320, 400, 600, 800, 1000. ಒಂದು ಪೇಪರ್ ಉದ್ದಕ್ಕೆ ಉಜ್ಜಿದರೆ ಮುಂದಿನದು ಅಡ್ಡಕ್ಕೆ. ಹಿಂದಿನ ಪೇಪರಿನ ಗೀರು ಪೂರ್ತಿ ಅಳಿಯುವ ತನಕ ಮುಂದಿನದಕ್ಕೆ ಕೈ ಹಾಕಿಲ್ಲ. ಪಾಲಿಶ್ ಕೆಲಸದ ಮುಕ್ಕಾಲು ಪಾಲು ಇದೇ. ಆತುರಪಟ್ಟು 220ರಿಂದ 600ಕ್ಕೆ ಹಾರಿದವರಿಗೆ ಬಫ್ ಹೊಡೆದ ಮೇಲೆ ಹಳೇ ಗೀರು ಎದ್ದು ಕಾಣುತ್ತದೆ, ಮತ್ತೆ ಮೊದಲಿಂದ ಬರಬೇಕು. ಕೊನೆಗೆ ಡ್ರಿಲ್ಲಿಗೆ ಕಾಟನ್ ಬಫ್ ಹಾಕಿ, ಕಂದು ಪಾಲಿಶಿಂಗ್ ಬಾರ್, ಆಮೇಲೆ ಬಿಳಿ ಬಾರ್. ಪ್ಯಾಕಿಂಗ್ (ಆಯಿಲ್ ಸೋರದಂತೆ ನಡುವೆ ಇಡುವ ಗ್ಯಾಸ್ಕೆಟ್) ಕೂರುವ ಜಾಗಕ್ಕೆ ಟೇಪ್ ಅಂಟಿಸಿ ಅದನ್ನು ಮುಟ್ಟೇ ಇಲ್ಲ. ಇದನ್ನು ಕೇಳಿದಾಗ ನನಗೆ ಅವರ ಮೇಲೆ ಗೌರವ ಬಂತು. ಆ ಜಾಗ ಒಂದು ಕೂದಲೆಳೆಯಷ್ಟು ತಗ್ಗಾದರೂ ಆಯಿಲ್ ಸೋರುತ್ತದೆ.

ಅಷ್ಟು ಚಂದದ ಕೆಲಸ ನೋಡಿ ಬೇನಲ್ಲಿದ್ದ ನಾವೆಲ್ಲ ಮೇಲಿನ ಮೈಯನ್ನೇ ನೋಡುತ್ತಾ ನಿಂತೆವು. ಸೂಪರ್‌ವೈಸರ್ ಫೋಟೋ ತೆಗೆದರು. ಹೊಸ ಪ್ಯಾಕಿಂಗ್ ಬಂತು, ಮೂಲೆಗೆ ಸಿಲಿಕೋನ್ ಸೀಲೆಂಟ್ ಹಾಕಿದೆವು, ಕವರ್ ಕೂತಿತು. ಬೋಲ್ಟುಗಳನ್ನು ಕೈಯಲ್ಲಿ ತಿರುಗಿಸಿ ಹಿಡಿಸಿದೆ. ಹುಡುಗ ಆಯಿಲ್ ಕ್ಯಾನ್ ತೆರೆದು "ಅಣ್ಣಾ, ಹಾಕ್ಲಾ?" ಅಂದ.

ಆಯಿಲ್ ಹಾಕುವ ಮುಂಚೆ ಕವರಿನ ಮೇಲಿನ ಆಯಿಲ್ ತುಂಬುವ ಬಾಯಿಯಿಂದ ಟಾರ್ಚ್ ಬಿಟ್ಟು ಕ್ಯಾಮ್ (ವಾಲ್ವ್‌ಗಳನ್ನು ತೆರೆಸುವ ಶಾಫ್ಟ್) ನೋಡುವುದು ನನ್ನ ಅಭ್ಯಾಸ. ಬಟ್ಟೆ ಚೂರು, ನಟ್ಟು ಏನಾದರೂ ಬಿದ್ದಿದೆಯಾ ಅಂತ. ಕ್ಯಾಮಿನ ಮೇಲೆ ಜೋಡಿಸುವಾಗ ಹಚ್ಚಿದ ಆಯಿಲಿನ ತೆಳು ಪದರ ಇತ್ತು. ಅದರೊಳಗೆ ಏನೋ ಮಿನುಗಿತು. ಬೆರಳು ಇಳಿಸಿ ಒರೆಸಿಕೊಂಡು ಹೆಬ್ಬೆರಳಿಗೆ ಉಜ್ಜಿದೆ. ಚರಚರ ಅಂತು.

"ಬೇಡ. ಕ್ಯಾನ್ ಮುಚ್ಚು. ಕೀ ಯಾರ ಹತ್ತಿರ ಇದೆ? ತಂದು ನನ್ನ ಕೈಗೆ ಕೊಡು."

ಕೀ ಗಾಡಿಯಲ್ಲೇ ಇತ್ತು. ಎಲೆಕ್ಟ್ರಿಷಿಯನ್ ಹುಡುಗ ಸೀಟಿನಲ್ಲಿ ಕೂತು ಡ್ಯಾಶ್‌ಬೋರ್ಡಿನ ಲೈಟ್ ನೋಡುತ್ತಿದ್ದ. ಕೀ ಇನ್ನೊಂದು ಗುರುತು ತಿರುಗಿದ್ದರೆ ಎಂಜಿನ್ ತಿರುಗಿಬಿಡುತ್ತಿತ್ತು. ಅವನು ಇಳಿದು ಕೀ ತಂದುಕೊಡುವ ತನಕ ನಾನು ಬಾನೆಟ್ ಬಿಟ್ಟು ಕದಲಲಿಲ್ಲ.

ಕವರ್ ಮತ್ತೆ ಬಿಚ್ಚಿ, ಮಗುಚಿ, ಬಿಳಿ ಬನಿಯನ್ ವೇಸ್ಟ್ ಮೇಲೆ ಹಿಡಿದು ನೈಲಾನ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದೆ. ಸಣ್ಣ ರವೆಯ ಹಾಗೆ ಉದುರಿತು. ಬೆಳಕಿಗೆ ಹಿಡಿದರೆ ಗುಂಡು ಗುಂಡು ಗಾಜಿನ ಮಣಿ. ಇನ್ನೊಮ್ಮೆ ತಟ್ಟಿದೆ. ಇನ್ನೂ ಬಂತು.

ಕವರಿನ ಒಳಗಡೆ ಒಂದು ತಗಡು ಇರುತ್ತದೆ, ಬ್ಯಾಫಲ್ ಪ್ಲೇಟ್. ಎಂಜಿನ್ ಉಸಿರು ಹೊರಗೆ ಹೋಗುವಾಗ ಆಯಿಲ್ ಹನಿಗಳನ್ನು ತಡೆಯುವುದು ಅದರ ಕೆಲಸ. ಇದರಲ್ಲಿ ಅದನ್ನು ರಿವೆಟ್ ಹೊಡೆದು ಕೂರಿಸಿದ್ದರು. ಬ್ಲಾಸ್ಟಿಂಗ್ ಮಾಡುವಾಗ ಗಾಳಿಯ ಒತ್ತಡಕ್ಕೆ ಮಣಿಗಳು ಆ ತಗಡಿನ ಸಂದಿಯಿಂದ ಒಳಗೆ ಹೋಗಿ ಹಳೇ ಆಯಿಲ್ ಜಿಡ್ಡಿಗೆ ಅಂಟಿಕೊಂಡಿವೆ. ಗಿರಾಕಿ ಸೋಪು ಹಾಕಿ ತೊಳೆದಿದ್ದರು, ಏರ್ ಕೂಡ ಹೊಡೆಸಿದ್ದರು. ತಗಡಿನ ಹಿಂದೆ ಅದು ತಲುಪುವುದೇ ಇಲ್ಲ. ಬಿಸಿ ಆಯಿಲ್ ತಾಕಿ ಜಿಡ್ಡು ಕರಗಿದ ಮೇಲೆ ಅದೆಲ್ಲ ಕೆಳಗೆ ಇಳಿಯುತ್ತದೆ.

ಸೂಪರ್‌ವೈಸರ್ ಬಂದರು. "ಸ್ವಲ್ಪ ಧೂಳು ತಾನೇ, ಫಿಲ್ಟರ್ ಹಿಡಿಯುತ್ತೆ. ಸ್ಟಾರ್ಟ್ ಮಾಡಿ, ಆಮೇಲೆ ಒಂದು ಸಲ ಫ್ಲಶ್ ಮಾಡಿದ್ರೆ ಆಯ್ತು. ಗಿರಾಕಿ ಕಾಯ್ತಿದ್ದಾರೆ."

ಇಲ್ಲಿ ನನ್ನ ಗಂಟಲು ಏರಿತು. ಮಣಿ ಮೊದಲು ಬೀಳುವುದು ಕ್ಯಾಮ್ ಮೇಲೆ, ವಾಲ್ವ್ ಒತ್ತುವ ರಾಕರ್ ಮೇಲೆ. ಅಲ್ಲಿಗೆ ಮುಂಚೆ ಯಾವ ಫಿಲ್ಟರೂ ಇಲ್ಲ. ಅಲ್ಲಿಂದ ಎಂಜಿನ್ ಕೆಳಗಿನ ಆಯಿಲ್ ತೊಟ್ಟಿಗೆ, ಅಂದರೆ ಸಂಪಿಗೆ, ಇಳಿದರೆ ಸ್ಟ್ರೈನರ್ ಜಾಲರಿ ದೊಡ್ಡ ಕಸ ಮಾತ್ರ ತಡೆಯುತ್ತದೆ, ಆಯಿಲ್ ಪಂಪ್ ಅದನ್ನು ಎಳೆದುಕೊಳ್ಳುತ್ತದೆ. ಪಂಪ್ ಆದ ಮೇಲೆ ಫಿಲ್ಟರ್. ಆಯಿಲ್ ತಣ್ಣಗೆ ದಪ್ಪ ಇದ್ದಾಗ, ಇಲ್ಲವೇ ಫಿಲ್ಟರ್ ಕಟ್ಟಿಕೊಂಡಾಗ ಬೈಪಾಸ್ ವಾಲ್ವ್ ತೆರೆದು ಶೋಧಿಸದ ಆಯಿಲ್ಲೇ ನೇರ ಬೇರಿಂಗಿಗೆ ಹೋಗುತ್ತದೆ. ಎಂಜಿನ್ನಿನ ಮುಖ್ಯ ಶಾಫ್ಟ್ ತಿರುಗುವ ಕ್ರ್ಯಾಂಕ್ ಬೇರಿಂಗಿನ ಸಂದಿ ಸಾಮಾನ್ಯವಾಗಿ 0.02ರಿಂದ 0.05 ಮಿಲಿಮೀಟರ್. ಈ ಕೆಲಸಕ್ಕೆ ಬಳಸುವ ಗಾಜಿನ ಮಣಿ ಅದರ ಎರಡು ಮೂರು ಪಟ್ಟು ದಪ್ಪ. ಅದು ಸಂದಿಯಲ್ಲಿ ಪುಡಿಯಾಗಿ ಬೇರಿಂಗಿನ ಮೆತ್ತನೆ ಲೋಹಕ್ಕೆ ನಾಟಿಕೊಂಡು ಶಾಫ್ಟನ್ನು ಕೆರೆಯುತ್ತಲೇ ಇರುತ್ತದೆ. ಮ್ಯಾನಿಫೋಲ್ಡ್ ಕಥೆ ಇನ್ನೂ ಕೆಟ್ಟದ್ದು. ಏರ್ ಫಿಲ್ಟರ್ ಅದಕ್ಕೂ ಮೊದಲೇ ಬಂದು ಮುಗಿದಿರುತ್ತದೆ. ಒಳಗೆ ಉಳಿದದ್ದೆಲ್ಲ ನೇರ ಸಿಲಿಂಡರಿಗೆ.

ಗಿರಾಕಿಯನ್ನೇ ಕರೆಸಿ ವೇಸ್ಟ್ ಬಟ್ಟೆ ತೋರಿಸಿದೆ. ಅವರ ಮುಖ ಬಿಳಿಚಿಕೊಂಡಿತು. ಆದರೆ ಒಂದು ಮಾತಿನಲ್ಲಿ ಮುಗಿಸಿದರು: "ಗಾಡಿ ಇವತ್ತು ಬೇಡ. ಪೂರ್ತಿ ತೆಗೀರಿ." ನಮ್ಮ ಮ್ಯಾನೇಜ್‌ಮೆಂಟಿಗಿಂತ ಅವರಿಗೇ ಬೇಗ ಅರ್ಥವಾಯಿತು.

ರಿವೆಟ್ ಡ್ರಿಲ್ ಮಾಡಿ ತಗಡು ಎಬ್ಬಿಸಿದಾಗ ಮೂಲೆಯಲ್ಲಿ ಒಂದು ಟೀ ಚಮಚದಷ್ಟು ಮಣಿ, ಕಪ್ಪು ಜಿಡ್ಡಿನ ಜೊತೆ ಕಲಸಿಕೊಂಡು ಕೂತಿತ್ತು. ಕವರನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿ, ಬ್ರಷ್ ಹಾಕಿ, ಬಿಸಿನೀರು ಸೋಪಿನಲ್ಲಿ ತೊಳೆದು, ತೂತು ತೂತಿಗೂ ಏರ್ ಹೊಡೆದೆವು. ರಿವೆಟ್ ಇದ್ದ ಜಾಗಕ್ಕೆ ಟ್ಯಾಪ್ ಹಾಕಿ ಸಣ್ಣ ಸ್ಕ್ರೂ, ಥ್ರೆಡ್ ಲಾಕರ್ ಹಾಕಿ ತಗಡು ಬಿಗಿದೆ. ಅದು ಕಳಚಿ ಕ್ಯಾಮ್ ಮೇಲೆ ಬಿದ್ದರೆ ಇನ್ನೊಂದು ಅನಾಹುತ. ಎಂಜಿನ್ ಹೆಡ್ ಮೇಲೆ ಆಗಲೇ ಬಿದ್ದಿದ್ದ ಮಣಿಗಳನ್ನು ಒರೆಸಿ, ಸಂಪ್ ಕೂಡ ಇಳಿಸಿ ತೊಳೆದೆವು. ಅಲ್ಲೂ ಕೆಲವು ಮಣಿ ಸಿಕ್ಕವು.

ಆ ಡೆಲಿವರಿ ತಡವಾಗಿದ್ದಕ್ಕೆ ತಿಂಗಳ ರಿಪೋರ್ಟಿನಲ್ಲಿ ನಮ್ಮ ಬೇ ಹೆಸರಿಗೆ ಕೆಂಪು ಗುರುತು ಬಿತ್ತು. ಇದು ನನಗೆ ಇವತ್ತಿಗೂ ನೋವು. ಎಂಜಿನ್ ಉಳಿಸಿದ್ದು ಆ ಶೀಟಿನಲ್ಲಿ ಎಲ್ಲೂ ಕಾಣುವುದಿಲ್ಲ. ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ಬ್ಯಾಫಲ್ ಬಿಚ್ಚಿ ತೊಳೆಯುವುದಕ್ಕೆ ಲೇಬರ್ ಕೋಡೇ (ಕೂಲಿ ಲೆಕ್ಕ ಹಾಕುವ ನಂಬರ್) ಇಲ್ಲ. ಕೋಡ್ ಇಲ್ಲದ ಕೆಲಸಕ್ಕೆ ಟೈಮ್ ಕೊಡುವುದಿಲ್ಲ, ಟೈಮ್ ಕೊಡದ ಕೆಲಸವನ್ನು ಹುಡುಗರು ಮಾಡುವುದಿಲ್ಲ. ಅವರದ್ದು ತಪ್ಪಲ್ಲ.

ಮನೆಯಲ್ಲಿ ಮಾಡುವವರಿಗೆ ನಾನು ಬೇಡ ಅನ್ನುವುದಿಲ್ಲ. ಆ ಗಿರಾಕಿಯ ಕೈ ಕೆಲಸ ನೋಡಿದ ಮೇಲೆ ಹಾಗೆ ಅನ್ನಲು ಬಾಯೇ ಬರುವುದಿಲ್ಲ. ಆದರೆ ಟ್ಯಾಪೆಟ್ ಕವರಿಗೆ, ಮ್ಯಾನಿಫೋಲ್ಡಿಗೆ ಬ್ಲಾಸ್ಟಿಂಗ್ ಬೇಡವೇ ಬೇಡ. ಪೇಂಟ್ ರಿಮೂವರ್ ಹಾಕಿ ಕೈಯಲ್ಲೇ ಕೆರೆಯಿರಿ. ಬ್ಲಾಸ್ಟಿಂಗ್ ಮಾಡಿಸಲೇಬೇಕು ಅಂದರೆ ಬ್ಯಾಫಲ್ ಮೊದಲೇ ಬಿಚ್ಚಿಸಿ. ಪೇಪರ್ ಹಿಡಿಯುವಾಗಲೂ ಒಳಮೈಗೆ, ತೂತುಗಳಿಗೆ ಟೇಪ್ ಇರಲಿ. ಕಪ್ಪು ವಾಟರ್ ಪೇಪರಿನ ಕಣ ಸಿಲಿಕಾನ್ ಕಾರ್ಬೈಡ್, ಗಾಜಿಗಿಂತ, ಉಕ್ಕಿಗಿಂತ ಗಟ್ಟಿ. ಆ ಕೆಸರು ಎಂಜಿನ್ ಒಳಗೆ ಹೋದರೆ ಮಣಿಗಿಂತ ಜಾಸ್ತಿ ಹಾಳು ಮಾಡುತ್ತದೆ.

ಇನ್ನು ಪುಡಿಯ ವಿಷಯ. ಕಬ್ಬಿಣ ಉಜ್ಜುವ ಗ್ರೈಂಡರಿನಲ್ಲೇ ಅಲ್ಯೂಮಿನಿಯಂ ಬಫ್ ಮಾಡಬೇಡಿ. ಕಬ್ಬಿಣದ ಕಿಡಿ, ಅಲ್ಯೂಮಿನಿಯಂ ಪುಡಿ ಎರಡೂ ಒಂದೇ ಜಾಗದಲ್ಲಿ ಸೇರಬಾರದು. 2014ರ ಆಗಸ್ಟ್ 2ರಂದು ಚೀನಾದ ಕುನ್‌ಶಾನ್‌ನಲ್ಲಿ ಅಲ್ಯೂಮಿನಿಯಂ ಚಕ್ರ ಪಾಲಿಶ್ ಮಾಡುವ ಶೆಡ್ ಆ ಪುಡಿ ಹೊತ್ತಿಕೊಂಡೇ ಸ್ಫೋಟವಾಯಿತು. 140ಕ್ಕೂ ಹೆಚ್ಚು ಕೆಲಸಗಾರರು ಸತ್ತರು. ಮನೆಯ ಗ್ಯಾರೇಜಿನಲ್ಲಿ ಅಷ್ಟು ಪುಡಿ ಕೂಡುವುದಿಲ್ಲ, ಆದರೂ ಒದ್ದೆ ಬಟ್ಟೆಯಲ್ಲಿ ದಿನಾ ಒರೆಸಿ ತೆಗೆಯಿರಿ. ಪುಡಿಗೆ ಬೆಂಕಿ ಹತ್ತಿದರೆ ನೀರು ಸುರಿಯಬಾರದು, ಒಣ ಮರಳು ಹಾಕಬೇಕು. ಬಫ್ ಹತ್ತಿರ ಬಟ್ಟೆ ಗ್ಲೌಸ್ ಬೇಡ, ಚಕ್ರ ಅದನ್ನು ಹಿಡಿದರೆ ಕೈಯೂ ಹೋಗುತ್ತದೆ.

ಈಗ ಹೊರಗೆ ಪಾಲಿಶ್ ಆಗಿ ಬಂದ ಯಾವ ಕವರಾದರೂ ಜಾಬ್ ಕಾರ್ಡ್ ಮೇಲೆ "ಬ್ಯಾಫಲ್ ಬಿಚ್ಚಿ ತೊಳೆಯುವುದು, ಒಂದು ದಿನ ಜಾಸ್ತಿ" ಅಂತ ಪೆನ್ನಿನಲ್ಲೇ ಬರೆದು ಗಿರಾಕಿಯ ಸಹಿ ತೆಗೆದುಕೊಳ್ಳುತ್ತೇನೆ. ಸೂಪರ್‌ವೈಸರ್ ಗೊಣಗುತ್ತಾರೆ. ಇಲ್ಲಿಯವರೆಗೆ ಯಾವ ಗಿರಾಕಿಯೂ ಸಹಿ ಹಾಕಲ್ಲ ಅಂದಿಲ್ಲ.