ಗುಡ್ಡದ ದಾರಿಗೆ ನೀರಿನ ಲೆಕ್ಕ

ನಾನು ರಜೆಯ ದಿನ ಗುಡ್ಡದಲ್ಲಿ ಸೈಕಲ್ ಹೊಡೆಯುತ್ತೇನೆಂದು ಗೊತ್ತಾದಾಗಿನಿಂದ ಕಲಬುರಗಿಯ ಫೋನುಗಳಲ್ಲಿ ಮೊದಲ ಪ್ರಶ್ನೆ ಸೈಕಲ್ಲಿನ ಬೆಲೆಯದು. ಬೆಲೆ ಕೇಳಿದ ಕಾಕಾ ಒಂದು ಗಳಿಗೆ ಸುಮ್ಮನಾಗಿ, "ಅಷ್ಟು ರೊಕ್ಕಕ್ಕೆ ಮೋಟಾರ್ ಸೈಕಲ್ಲೇ ಬರುತ್ತಿತ್ತಲ್ಲೋ ತಮ್ಮಾ" ಎನ್ನುತ್ತಾರೆ. ಬರುತ್ತಿತ್ತು, ಸುಳ್ಳಲ್ಲ. ಆದರೆ ಸೈಕಲ್ಲಿನ ಮಾತು ಆಮೇಲೆ. ನನಗೆ ಹೇಳಬೇಕೆನಿಸುವುದು ದಾರಿಯ ಮಾತು.

ನಾನಿರುವುದು ಸ್ವಿಟ್ಜರ್ಲೆಂಡಿನ ಪೂರ್ವಕ್ಕಿರುವ ಗ್ರೌಬುಂಡನ್ ಪ್ರಾಂತ್ಯದಲ್ಲಿ, ಅದರ ರಾಜಧಾನಿ ಕೂರ್ ಪಟ್ಟಣದಲ್ಲಿ. ಸುತ್ತಲೂ ಆಲ್ಪ್ಸ್. ಇಲ್ಲಿಂದ ರೈಲು ಹತ್ತಿದರೆ ದಾವೋಸ್. ಪ್ರತಿ ಜನವರಿಯಲ್ಲಿ ಮಂತ್ರಿಗಳೂ ಉದ್ಯಮಿಗಳೂ ಕೈ ಕುಲುಕುವ ಫೋಟೊ ಪತ್ರಿಕೆಯಲ್ಲಿ ಬರುತ್ತದಲ್ಲ, ಅದೇ ಊರು. ಬೇಸಿಗೆಯಲ್ಲಿ ಅಲ್ಲಿ ಮೊಣಕಾಲಿಗೆ ಕವಚ ಕಟ್ಟಿಕೊಂಡವರದೇ ಕಾರುಬಾರು. ಕಲಬುರಗಿ ಸಮುದ್ರ ಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದ್ದರೆ ದಾವೋಸ್ 1,560 ಮೀಟರಿನಲ್ಲಿದೆ. ಅಲ್ಲಿಂದ ಕೇಬಲ್ ಕಾರು ಸೈಕಲ್ ಸಮೇತ ನಮ್ಮನ್ನು ಯಾಕೊಬ್ಸ್‌ಹಾರ್ನ್ ಶಿಖರಕ್ಕೆ, ಅಂದರೆ 2,590 ಮೀಟರಿಗೆ ಎತ್ತಿ ಬಿಡುತ್ತದೆ. ಶಿಖರದಿಂದ ಫಿಲಿಸೂರ್ ಹಳ್ಳಿಯವರೆಗೆ ಸುಮಾರು 40 ಕಿಲೋಮೀಟರ್ ದಾರಿ. ಹೆಸರು 'ಆಲ್ಪ್ಸ್ ಎಪಿಕ್ ಟ್ರೇಲ್'. ಬರೀ ಇಳಿಜಾರೆಂದುಕೊಂಡು ಹೊರಟವರಿಗೆ ನಡುನಡುವೆ ಬರುವ ಏರು ಬೆವರಿಳಿಸುತ್ತದೆ. ಆಗ ಬ್ಯಾಟರಿ ಸೈಕಲ್ ಹತ್ತಿದ ಅಜ್ಜಂದಿರು ನಗುತ್ತಾ ನಮಸ್ಕಾರ ಹೇಳಿ ಮುಂದೆ ಹೋಗುತ್ತಾರೆ. ಅದನ್ನು ಸಹಿಸಿಕೊಳ್ಳಬೇಕು.

ಮೇಲೆ ಹುಲ್ಲು ಮತ್ತು ಬಂಡೆ, ಕೆಳಗೆ ಬಂದಂತೆ ಪೈನ್ ಜಾತಿಯ ಕಾಡು, ಬೇರುಗಳ ಮೇಲೆ ಗಡಗಡ ಇಳಿಯುವ ಒಬ್ಬರೇ ಸಾಗುವಷ್ಟು ಅಗಲದ ಜಾಡು. ಒಂದೆಡೆ ಸೈಕಲ್ ಒರಗಿಸಿ ಕುಕ್ಕರಗಾಲಲ್ಲಿ ಕುಳಿತು ನೋಡಿದರೆ ಈ ಜಾಡು ತಾನಾಗಿ ಬಿದ್ದದ್ದಲ್ಲ ಎಂದು ತಿಳಿಯುತ್ತದೆ. ಅದರ ಮೈ ಸಪಾಟಾಗಿಲ್ಲ, ಕಣಿವೆಯ ಕಡೆಗೆ ಒಂದಿಷ್ಟು ವಾಲಿದೆ. ಇಳಿಜಾರು ಹೆಚ್ಚಿದ ಕಡೆ ಅಡ್ಡಲಾಗಿ, ಆದರೆ ಕೊಂಚ ಓರೆಯಾಗಿ, ಕಲ್ಲನ್ನೋ ಮರದ ದಿಮ್ಮಿಯನ್ನೋ ಹೂತಿದ್ದಾರೆ. ಮೇಲಿಂದ ಬಂದ ನೀರು ಅದಕ್ಕೆ ತಾಗಿ ಪಕ್ಕಕ್ಕೆ ತಿರುಗಿ ಹುಲ್ಲಿಗೆ ಬೀಳುತ್ತದೆ. ನಮ್ಮ ಹೊಲಗಳಲ್ಲಿ ನೀರು ನಿಲ್ಲಲೆಂದು ಒಡ್ಡು ಹಾಕುತ್ತೇವೆ. ಇವರು ನೀರನ್ನು ಆದಷ್ಟು ಬೇಗ ಸಾಗಹಾಕಲು ಹಾಕುತ್ತಾರೆ. ದಾರಿ ಕಟ್ಟುವವರು ಪಾಲಿಸುವ ಲೆಕ್ಕವೊಂದಿದೆ: ಗುಡ್ಡದ ಪಕ್ಕೆ ಎಷ್ಟು ಕಡಿದಾಗಿದೆಯೋ ದಾರಿಯ ಇಳಿಜಾರು ಅದರ ಅರ್ಧವನ್ನು ಮೀರಬಾರದು. ಮೀರಿದರೆ ನೀರು ದಾರಿಯನ್ನು ಅಡ್ಡ ದಾಟುವ ಬದಲು ಅದರ ಉದ್ದಕ್ಕೂ ಹರಿದು ಮಣ್ಣನ್ನೆಲ್ಲ ಹೊತ್ತೊಯ್ಯುತ್ತದೆ. ಹಿಂದಿನ ಬ್ರೇಕ್ ಗಟ್ಟಿಯಾಗಿ ಒತ್ತಿ ಗಾಲಿ ಜಾರಿಸುತ್ತಾ ಬರುವವನನ್ನು ಇಲ್ಲಿ ಯಾರೂ ಶೂರ ಎನ್ನದಿರುವುದು ಇದಕ್ಕೇ. ಜಾರಿದ ಗಾಲಿ ಗೀರು ಬಿಡುತ್ತದೆ, ಗೀರಿನಲ್ಲಿ ನೀರು ನುಗ್ಗುತ್ತದೆ, ಮುಂದಿನ ವರ್ಷಕ್ಕೆ ಅದೇ ಕಾಲುವೆ.

ಚಳಿಗಾಲದ್ದು ಬೇರೆಯೇ ಕಾಟ. ಬಂಡೆಯ ಬಿರುಕಿಗೆ ಇಳಿದ ನೀರು ಹೆಪ್ಪುಗಟ್ಟಿ ಹಿಗ್ಗಿ ಕಲ್ಲನ್ನೇ ಸೀಳುತ್ತದೆ. ಹಿಮ ಕರಗಿದ ಮೇಲೆ ಗುದ್ದಲಿ, ಹಾರೆ ಹಿಡಿದವರು ಮೊದಲು ಗುಡ್ಡ ಹತ್ತಬೇಕು, ಸೈಕಲ್ಲಿನವರು ಆಮೇಲೆ. ಎತ್ತರದ ದಾರಿಗಳು ಜೂನ್‌ಗಿಂತ ಮುಂಚೆ ತೆರೆಯುವುದು ಅಪರೂಪ.

ಇದಕ್ಕೆಲ್ಲ ದುಡ್ಡು, ಹೊಣೆ ಯಾರದು ಎಂಬುದಕ್ಕೆ ಕಾನೂನಿನ ಬೆಂಬಲವಿದೆ. ನಡಿಗೆಯ ದಾರಿಗಳ ರಕ್ಷಣೆಗೆ ಈ ದೇಶದ ಜನ 1979ರಲ್ಲೇ ಮತ ಹಾಕಿ ಸಂವಿಧಾನದಲ್ಲಿ ಜಾಗ ಕೊಟ್ಟಿದ್ದರು. 2018ರ ಸೆಪ್ಟೆಂಬರಿನಲ್ಲಿ ಸೈಕಲ್ ದಾರಿಗಳಿಗೂ ಅದೇ ಜಾಗ ಕೊಡಲು ಶೇ 73ಕ್ಕೂ ಹೆಚ್ಚು ಮಂದಿ ಒಪ್ಪಿದರು. ಅದರಿಂದ ಹುಟ್ಟಿದ ಕಾಯ್ದೆ 2023ರ ಜನವರಿಯಿಂದ ಜಾರಿಯಲ್ಲಿದೆ. ನೆರೆಯ ದೇಶಗಳಲ್ಲಿ ಇಷ್ಟು ಸಲೀಸಿಲ್ಲ. ಜರ್ಮನಿಯ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಎರಡು ಮೀಟರಿಗಿಂತ ಕಿರಿದಾದ ಕಾಡುದಾರಿಯಲ್ಲಿ ಸೈಕಲ್ ನಿಷಿದ್ಧ. ಆಸ್ಟ್ರಿಯಾದಲ್ಲಿ 1975ರ ಅರಣ್ಯ ಕಾಯ್ದೆಯ ಪ್ರಕಾರ ಕಾಡಿನಲ್ಲಿ ಸೈಕಲ್ ತುಳಿಯಲು ಮಾಲೀಕರ ಒಪ್ಪಿಗೆ ಬೇಕು. ಗ್ರೌಬುಂಡನ್‌ನಲ್ಲಿ ನಡೆಯುವವರೂ ಸೈಕಲ್ಲಿನವರೂ ಬಹುಮಟ್ಟಿಗೆ ಒಂದೇ ಜಾಡನ್ನು ಹಂಚಿಕೊಳ್ಳುತ್ತಾರೆ. ನಡೆಯುವವರಿಗೇ ಮೊದಲ ಹಕ್ಕು. ಎದುರಿಗೆ ಯಾರಾದರೂ ಕಂಡರೆ ವೇಗ ತಗ್ಗಿಸುವುದು, ಬೇಕಾದರೆ ಇಳಿದು ನಿಲ್ಲುವುದು. ಹುಲ್ಲುಗಾವಲಿನ ಗೇಟು ತೆರೆದವರೇ ಮುಚ್ಚುವುದು. ಇಲ್ಲವಾದರೆ ಯಾರದೋ ಹಸುಗಳು ಸಂಜೆ ಬೇರೆ ಕಣಿವೆಯಲ್ಲಿರುತ್ತವೆ.

ಕುರಿ ಮಂದೆ ಕಂಡರೆ ಇನ್ನೂ ಎಚ್ಚರ. ಕೂರ್ ಪಟ್ಟಣದ ನೆತ್ತಿಯ ಮೇಲೇ ಕಲಾಂಡ ಎಂಬ ಬೆಟ್ಟವಿದೆ. ತೋಳಗಳು ನಿರ್ನಾಮವಾಗಿದ್ದ ಈ ದೇಶಕ್ಕೆ 1995ರಲ್ಲಿ ಅವು ಮರಳಿ ಬಂದವು. ಮೊದಲ ತೋಳದ ಹಿಂಡು ಮರಿ ಹಾಕಿ ನೆಲೆಯೂರಿದ್ದು 2012ರಲ್ಲಿ, ಈ ಬೆಟ್ಟದಲ್ಲಿ. ಹಾಗಾಗಿ ಮಂದೆಗಳ ಜೊತೆ ಎಮ್ಮೆಗರುವಿನ ಗಾತ್ರದ ಬಿಳಿ ನಾಯಿಗಳು ಕಾವಲಿರುತ್ತವೆ. ವೇಗವಾಗಿ ಬರುವ ಸೈಕಲ್ ಅವುಗಳ ಕಣ್ಣಿಗೆ ಶತ್ರು. ಇಳಿದು, ನಾಯಿಗೂ ನಮಗೂ ನಡುವೆ ಸೈಕಲ್ ಇಟ್ಟುಕೊಂಡು, ತಳ್ಳುತ್ತಾ ಮಂದೆಯನ್ನು ಬಳಸಿ ಹೋಗಬೇಕು. ಯಾದಗಿರಿ ಕಡೆಯ ಕುರಿಗಾಹಿಗಳ ಮಂದೆಯ ಹತ್ತಿರ ಹೋಗಿ ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನನ್ನ ಕಾಕಾನ ಮಗನಿಗೆ ಈಗ ಹುರುಪು ಹತ್ತಿದೆ. ಚಿಂಚೋಳಿಯ ಕಾಡಿನಲ್ಲಿ ಇಂಥ ದಾರಿ ಮಾಡಬಹುದಲ್ಲ ಎನ್ನುತ್ತಾನೆ. ಅದು 2011ರಿಂದ ವನ್ಯಜೀವಿಧಾಮ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಅಲ್ಲಿ ಗುದ್ದಲಿ ಎತ್ತುವ ಮಾತೇ ಬೇಡ ಎಂದೆ. ಕಲಬುರಗಿಯ ಎರೆ ಭೂಮಿಯಂತೂ ಮಳೆ ಬಿದ್ದ ದಿನ ಗಾಲಿಗೆ ಮೆತ್ತಿಕೊಂಡು ಸೈಕಲ್ಲನ್ನು ಹೆಗಲಿಗೆ ಏರಿಸುತ್ತದೆ. ನನ್ನ ಮತ ಬೀದರ್‌ಗೆ. ಅಲ್ಲಿನ ಕೆಂಪು ಮುರಕಲ್ಲಿನ ನೆಲ ನೀರನ್ನು ಬೇಗ ಇಂಗಿಸಿಕೊಳ್ಳುತ್ತದೆ, ಪ್ರಸ್ಥಭೂಮಿಯ ಅಂಚಿನಲ್ಲಿ ಇಳಿಜಾರೂ ಇದೆ. ಎರಡನೆಯದು ಯಾದಗಿರಿಯ ಕಲ್ಲುಗುಡ್ಡಗಳು. ಅಲ್ಲಿ ಬಂಡೆ ಸವೆಯುವುದಿಲ್ಲ, ಬಿದ್ದವರು ಸವೆಯುತ್ತಾರೆ. ಎಲ್ಲಿಯೇ ಆದರೂ ನವೆಂಬರಿನಿಂದ ಫೆಬ್ರುವರಿವರೆಗಷ್ಟೇ. ನಮ್ಮ ಏಪ್ರಿಲ್ ಬಿಸಿಲಿಗೆ ಯಾವ ಹೆಲ್ಮೆಟ್ಟೂ ಸಾಲದು.

ಸೈಕಲ್ ಕೊಳ್ಳುವ ಮೊದಲು ಒಂದು ಮಳೆಯ ದಿನ ಛತ್ರಿ ಹಿಡಿದು ಗುಡ್ಡ ಹತ್ತಿ, ನೀರು ಎಲ್ಲಿಂದ ಇಳಿಯುತ್ತದೆ, ಕುರಿಗಳು ಎಲ್ಲಿ ದಾಟುತ್ತವೆ ಎಂದು ನೋಡಿ ಬಾ, ಜೊತೆಗೆ ಒಬ್ಬ ಕುರಿಗಾಹಿಯನ್ನೂ ಕರೆದುಕೊಂಡು ಹೋಗು ಎಂದು ಹೇಳಿದ್ದೇನೆ. "ಮಳೆ ಬರಲಿ ಅಣ್ಣಾ, ಹೋಗುತ್ತೇನೆ" ಎಂದ. ಅಷ್ಟರೊಳಗೆ ಎರಡು ಹಳೆಯ ಟೈರ್ ಕಳುಹಿಸಬೇಕಂತೆ.