ಮಾಣಿ

ಬೆಳಿಗ್ಗೆ ರಥಬೀದಿ ಹತ್ತಿರ ಬನ್ಸ್ ತಿಂತಾ ಕೂತಿದ್ದೆ. ಎದುರು ಟೇಬಲ್‌ನಲ್ಲಿ ಒಬ್ಬರು ಮಗನಿಗೆ, "ಸರಿ ಓದು. ಇಲ್ಲದಿದ್ರೆ ಹೋಟೆಲಲ್ಲಿ ಲೋಟ ತೊಳೀಬೇಕಾಗ್ತದೆ."

ಲೋಟ ಎತ್ತುವವ ಪಕ್ಕದಲ್ಲೇ ನಿಂತಿದ್ದ ಮಾರಾಯ್ರೆ!

ಅವನ ಕೈ ನೋಡಿದೆ. ಒಂದೊಂದು ಲೋಟದೊಳಗೆ ಒಂದೊಂದು ಬೆರಳು. ತುದಿಯೆಲ್ಲ ನೀರಲ್ಲಿ ನೆನೆದು ಬಿಳಿಚಿ, ಸುಕ್ಕಾಗಿ. ಏನೂ ಕೇಳಿಸದವನ ಹಾಗೆ ಟೇಬಲ್ ಒರೆಸಿದ, ಹೋದ. ಹುಡುಗ ಮಾತ್ರ ಅವನನ್ನೇ ನೋಡ್ತಿದ್ದ. ಲೋಟ ಬೀಳ್ತದಾ ಅಂತ ಇರಬೇಕು.

ಯಾವ ಊರಿಗೆ ಹೋದ್ರೂ 'ಉಡುಪಿ ಹೋಟೆಲ್' ಬೋರ್ಡ್ ಕಂಡ್ರೆ ನಮಗೆ ಖುಷಿ. ಕೋಟ ಹತ್ತಿರದ ಪಾರಂಪಳ್ಳಿಯ ಮಯ್ಯರು 1924ರಲ್ಲಿ ಬೆಂಗಳೂರಲ್ಲಿ ಶುರು ಮಾಡಿದ ಎಂಟಿಆರ್ ಕಥೆ ಹೇಳ್ತಾ ಎದೆ ಉಬ್ಬಿಸ್ತೇವೆ. ಮಗಳಿಗೆ ಸಂಬಂಧ ಬಂದಾಗ ಮಾತ್ರ, "ಹೋಟೆಲಾ? ಸ್ವಂತದ್ದಾ, ಕೆಲಸಕ್ಕಾ?"

ಕೋಟ, ಕುಂದಾಪುರದ ಕಡೆ ಮನೆ ಹುಡುಗನನ್ನು ಪ್ರೀತಿಯಲ್ಲಿ ಕರೆಯುವುದೇ 'ಮಾಣಿ' ಅಂತ. ಆ ಮಾಣಿ ಘಟ್ಟ ಹತ್ತಿ ಹೋಟೆಲ್ ಸೇರಿದ, ಅಷ್ಟೆ. ಶಬ್ದ ಅದೇ, ಕರೆಯುವ ದನಿ ಬೇರೆ.

ಬಿಲ್ ಕೊಟ್ಟು ಏಳುವಾಗ ಹಿಂದಿನಿಂದ ಅದೇ ಅಪ್ಪನ ದನಿ.

"ಓ ಮಾಣಿ, ಚಟ್ನಿ ತಾ!"